ಪ್ರಭೆಯೂ ಅವಧಿಯೂ

ಚಾರಣಿಗ: ಮೇಷ್ಟ್ರೇ, ಬರುವ ಡಿಸೆಂಬರಿನಲ್ಲಿ ನಾವು ಕೆಲವರು ಗಢವಾಲದ ಕೇದಾರಕಂಠವನ್ನು ಏರಬೇಕೆಂದು ಸಂಕಲ್ಪಿಸಿದ್ದೇವೆ. ಸಾಂಕ್ರಿ ಗ್ರಾಮದಿಂದ ಹೊರಟು, ಹಿಮದ ಮೇಲೆ ಬಿಡಾರ ಹೂಡಿ, ಶಿಖರವನ್ನೇರುವ ದಿನ ಬೆಳಗಿನ ಜಾವ ಮೂರರ ಸುಮಾರಿಗೆ ಕತ್ತಲೆಯಲ್ಲಿಯೇ ನಡಿಗೆಯನ್ನಾರಂಭಿಸಿ, 12,500 ಅಡಿ ಎತ್ತರದ ಆ ನೆತ್ತಿಯನ್ನು ಸೂರ್ಯೋದಯಕ್ಕೆ ಮುಟ್ಟುವುದು ಅಲ್ಲಿಯ ರೂಢಿ. ಅದಕ್ಕೋಸ್ಕರವೇ ಈ ಹೆಡ್‌ಲ್ಯಾಂಪನ್ನು ಕೊಂಡು ತಂದೆ. ಹಣೆಪಟ್ಟಿಯೂ ಸೇರಿ ಐವತ್ತು ಗ್ರಾಮಿಗೂ ಕಡಮೆ ತೂಕ. ಪೆಟ್ಟಿಗೆಯ ಮೇಲೆ 400 ಲ್ಯೂಮೆನ್ ಎಂದೂ, ಐದು ಗಂಟೆಗಳ ಕಾಲ ಉರಿಯುವುದೆಂದೂ ಅಚ್ಚುಹಾಕಿದ್ದಾರೆ. ನಮಗೆ ಬೇಕಾಗಿರುವುದು ನಾಲ್ಕು ಗಂಟೆಗಳ ಬೆಳಕು. ಆದಕಾರಣ ಇದು ಸಾಕೆಂದು ನಾನು ನಿಶ್ಚಯಿಸಿದ್ದೇನೆ. ತಾವು ಒಮ್ಮೆ ನೋಡಿ ಹೇಳಬೇಕು.

ಮೇಷ್ಟ್ರು: ಆ ಎರಡು ಸಂಖ್ಯೆಗಳೂ ಬೇರೆಬೇರೆಯಾಗಿ ಸತ್ಯವಾಗಿರಬಹುದಪ್ಪಾ, ಎರಡೂ ಏಕಕಾಲದಲ್ಲಿ ಸತ್ಯವಾಗಿರಲಾರವು. ಒಳಗಿನ ಬ್ಯಾಟರಿಯ ಮೇಲೆ ಏನು ಬರೆದಿದೆ, ಓದು.

ಚಾರಣಿಗ: 650 ಮಿಲಿಆಂಪಿಯರ್-ಗಂಟೆ, 3.7 ವೋಲ್ಟ್.

ಮೇಷ್ಟ್ರು: ಸರಿ. 0.65 ಅನ್ನು 3.7ರಿಂದ ಗುಣಿಸಿದರೆ ಸುಮಾರು 2.4 ವಾಟ್-ಗಂಟೆಯಾಯಿತು. ಆ ಬ್ಯಾಟರಿಯೆಂಬ ಕಣಜದಲ್ಲಿ ಇರತಕ್ಕ ಕಾಳು ಇಷ್ಟೇ. ಅಳೆದು ಕೊಡುವವನು ಎಷ್ಟೇ ಜಾಣನಾದರೂ ಇದಕ್ಕಿಂತ ಹೆಚ್ಚಾಗಿ ಅಳೆಯಲಾರ. ಈಗಿನ ಒಳ್ಳೆಯ ಎಲ್‌ಇಡಿ, ತನ್ನ ವಿದ್ಯುನ್ಮಂಡಲದಲ್ಲಿಯೂ ಗಾಜಿನಲ್ಲಿಯೂ ಆಗುವ ನಷ್ಟವನ್ನೆಲ್ಲ ಕಳೆದು, ಒಂದು ವಾಟಿಗೆ ಸುಮಾರು 120 ಲ್ಯೂಮೆನ್ ಬೆಳಕನ್ನು ಹೊರಗೆ ಕೊಡುವುದೆಂದು ಇಟ್ಟುಕೊಳ್ಳೋಣ. ಹಾಗಾದರೆ ಈ ದೀಪ ಒಟ್ಟಿನಲ್ಲಿ ಕೊಡಬಲ್ಲ ಬೆಳಕು 290 ಲ್ಯೂಮೆನ್-ಗಂಟೆಗಳಿಗೆ ಮೀರದು. ಅದನ್ನು 400ರಂತೆ ವೆಚ್ಚಮಾಡಿದರೆ ಮುಕ್ಕಾಲು ಗಂಟೆಯೊಳಗೆ ಬರಿದಾಗುತ್ತದೆ. ಐದು ಗಂಟೆಗಳಿಗೆ ಸಮನಾಗಿ ಹಂಚಿದರೆ 58 ಲ್ಯೂಮೆನ್ನಿನಂತೆ ದೊರೆಯುತ್ತದೆ. ನೀನು ನಾಲ್ಕು ನೂರನ್ನೂ ಐದು ಗಂಟೆಯನ್ನೂ ಕೂಡಿಸಿ ಓದಿದೆ. ನಿನ್ನಂತೆ ಓದುವವರೇ ಬಹಳ ಮಂದಿ.

ಚಾರಣಿಗ: ಹಾಗಾದರೆ ಇದು ಶುದ್ಧ ವಂಚನೆಯಾಯಿತಲ್ಲವೆ? ಹಣ ಕೊಟ್ಟು ಕೊಂಡವನು ಕತ್ತಲೆಯ ಕೊರಕಲಿನಲ್ಲಿ ನಿಂತು ಗುಣಾಕಾರ ಮಾಡುತ್ತಿರಬೇಕೆ?

ಮೇಷ್ಟ್ರು: ವಂಚನೆಯೆಂದು ಹೇಳಲಾರೆ. ಅವರು ಅನುಸರಿಸಿರುವುದು ಎಫ್‌ಎಲ್ 1 ಎಂಬ ಅಮೆರಿಕದ ಮಾನಕವನ್ನು. ಟಾರ್ಚುಗಳನ್ನೂ ಹೆಡ್‌ಲ್ಯಾಂಪುಗಳನ್ನೂ ಅಳೆಯುವುದಕ್ಕೆ ತಯಾರಕರೇ ಒಟ್ಟುಗೂಡಿ 2009ರಲ್ಲಿ ಅದನ್ನು ರೂಪಿಸಿದರು. ಅದರ ಪ್ರಕಾರ ದೀಪವನ್ನು ಹೊತ್ತಿಸಿ ಮೂವತ್ತು ಸೆಕೆಂಡುಗಳಾದ ಮೇಲೆ ಅಳೆದ ಬೆಳಕೇ ಅದರ ಪ್ರಭೆ. ಆ ಮೊದಲ ಅಳತೆಯ ಶೇಕಡಾ ಹತ್ತಕ್ಕೆ ಬೆಳಕು ಇಳಿಯುವ ತನಕ ಕಳೆದ ಕಾಲವೇ ಅದರ ಅವಧಿ. ಅಂದರೆ ನಿನ್ನ ದೀಪ 400ರಲ್ಲಿ ಪ್ರಾರಂಭವಾಗಿ, ಕೆಲವು ನಿಮಿಷಗಳಲ್ಲಿಯೇ ನೂರಕ್ಕಿಳಿದು, ಅಲ್ಲಿಂದ ಮೆಲ್ಲಮೆಲ್ಲನೆ ಐವತ್ತಕ್ಕೆ ಬಂದು, ಕೊನೆಗೆ ನಾಲ್ವತ್ತನ್ನು ಮುಟ್ಟುವವರೆಗೂ ಮಾನಕದ ದೃಷ್ಟಿಯಲ್ಲಿ ಅದು ಉರಿಯುತ್ತಲೇ ಇದೆ. ಪೆಟ್ಟಿಗೆಯ ಮೇಲಿನ ಎರಡು ಸಂಖ್ಯೆಗಳು ಒಂದು ವಕ್ರರೇಖೆಯ ಎರಡು ತುದಿಗಳು. ನೀನು ನಡೆಯಬೇಕಾದದ್ದು ಆ ಎರಡು ತುದಿಗಳ ನಡುವಣ ಕತ್ತಲೆಯಲ್ಲಿ. ಆ ನಡುವಣ ರೇಖೆಯನ್ನು ಪೆಟ್ಟಿಗೆಯ ಮೇಲೆ ಯಾರೂ ಬರೆದಿಲ್ಲ.

ಚಾರಣಿಗ: ಮಾನಕವನ್ನು ರೂಪಿಸಿದವರಿಗೆ ಇದು ತಿಳಿಯದೆ ಹೋಯಿತೆ? ಶೇಕಡಾ ಹತ್ತಕ್ಕೆ ಬದಲಾಗಿ ಐವತ್ತೆಂದು ಗೊತ್ತುಮಾಡಬಹುದಾಗಿತ್ತು.

ಮೇಷ್ಟ್ರು: ಅದಕ್ಕೆ ಮುಂಚೆ ಇದ್ದ ಅವಸ್ಥೆಯನ್ನು ನೆನೆದರೆ ಹತ್ತು ಎಂಬುದೂ ಒಂದು ದೊಡ್ಡ ಸುಧಾರಣೆಯೇ. ತಂತಿಯ ಬಲ್ಬುಗಳ ಕಾಲದಲ್ಲಿ ಇಂಥ ಗೊಂದಲವಿರಲಿಲ್ಲ. ಸೆಲ್ಲು ಕುಂದುತ್ತ ಬಂದಂತೆ ಬೆಳಕು ಹಳದಿಯಾಗಿ, ಕೆಂಪಾಗಿ, ಕಣ್ಣಿಗೆ ಕಾಣುವಂತೆಯೇ ಸಾಯುತ್ತಿತ್ತು. ಆ ಬಲ್ಬುಗಳು ಒಂದು ವಾಟಿಗೆ ಹತ್ತು ಹದಿನೈದು ಲ್ಯೂಮೆನ್ ಕೊಡುವಷ್ಟರಲ್ಲಿಯೇ ದಣಿಯುತ್ತಿದ್ದವು. ಅನಂತರ ನೀಲಿಯ ಎಲ್‌ಇಡಿ ಬಂದಿತು. ಅಕಾಸಾಕಿ, ಅಮಾನೊ, ನಾಕಾಮುರ ಎಂಬ ಮೂವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆತದ್ದು ಅದಕ್ಕಾಗಿಯೇ. ನೀಲಿಯ ಬೆಳಕಿನ ಮೇಲೆ ಹಳದಿಯ ರಂಜಕದ ಲೇಪವನ್ನಿಟ್ಟಾಗ ಬಿಳಿಯ ಬೆಳಕು ಹುಟ್ಟಿತು. 2000ದಲ್ಲಿ ಫ್ರಾನ್ಸಿನ ಪೆಟ್ಜಲ್ ಸಂಸ್ಥೆ, ಗುಹೆಗಳ ಅನ್ವೇಷಣೆಯಿಂದ ಬೆಳೆದು ಬಂದ ಆ ಮನೆತನದ ಉದ್ಯಮ, ಟಿಕ್ಕಾ ಎಂಬ ಪುಟ್ಟ ಎಲ್‌ಇಡಿ ಹೆಡ್‌ಲ್ಯಾಂಪನ್ನು ಹೊರತಂದ ಮೇಲೆ ಪರ್ವತಾರೋಹಿಗಳ ಹಣೆಯ ಭಾರವೇ ಇಳಿದು ಹೋಯಿತೆನ್ನಬಹುದು. ಆದರೆ ಎಲ್‌ಇಡಿಗೆ ಒಂದು ಸ್ವಭಾವವಿದೆ; ಅತ್ಯಲ್ಪ ವಿದ್ಯುತ್ತಿನಲ್ಲಿಯೂ ಅದು ಮಿಣುಕುತ್ತಲೇ ಇರುತ್ತದೆ. ಸತ್ತಿತೆಂದು ಹೇಳಲಾರದ, ಬದುಕಿದೆಯೆಂದೂ ಹೇಳಲಾರದ ಆ ಮಿಣುಕನ್ನು ಕೂಡ ಲೆಕ್ಕಕ್ಕೆ ಸೇರಿಸಿಕೊಂಡು, ನೂರು ಗಂಟೆ, ಇನ್ನೂರು ಗಂಟೆ ಎಂದು ಘೋಷಿಸುವುದಕ್ಕೆ ಅಡ್ಡಿಯಿಲ್ಲದಂತಾಯಿತು. ಅದಕ್ಕೊಂದು ಕೊನೆಗೆರೆಯನ್ನು ಎಳೆದದ್ದು ಈ ಮಾನಕ. ಎಳೆದ ಗೆರೆ ಬಹಳ ಕೆಳಗಿದೆ ಎಂಬ ನಿನ್ನ ಆಕ್ಷೇಪವನ್ನು ನಾನೂ ಒಪ್ಪುತ್ತೇನೆ. ಪಥಿಕನ ದೃಷ್ಟಿಯಿಂದ ಅದು ಮೂರನೆಯ ಒಂದು ಪಾಲಿಗಾದರೂ ಏರಬೇಕು.

ಚಾರಣಿಗ: ಎಲ್ಲ ದೀಪಗಳೂ ಒಂದೇ ರೀತಿಯಲ್ಲಿ ಇಳಿಯುತ್ತವೆಯೆ?

ಮೇಷ್ಟ್ರು: ಇಲ್ಲ, ಪರೀಕ್ಷೆ ಬೇಕಾಗುವುದು ಅದರಿಂದಲೇ. ಮೂರು ಆಲ್ಕಲೈನ್ ಸೆಲ್ಲುಗಳ ಸಾದಾ ದೀಪವನ್ನು ತೆಗೆದುಕೋ. ಹೊಸದರಲ್ಲಿ ಮೂರೂ ಸೇರಿ 4.5 ವೋಲ್ಟ್, ಸೆಲ್ಲಿನ ಸತ್ವ ತೀರುತ್ತ ಬಂದಂತೆ ಒಂದೊಂದೂ 0.9ರ ಸುಮಾರಿಗೆ ಬರುತ್ತದೆ. ಬಿಳಿಯ ಎಲ್‌ಇಡಿಗೆ ಬೇಕಾದದ್ದು ಸುಮಾರು 3 ವೋಲ್ಟ್. ಆದುದರಿಂದ ನಡುವೆ ನಿಯಂತ್ರಣದ ಮಂಡಲವಿಲ್ಲದಿದ್ದರೆ ಬೆಳಕು ಮೊದಲ ಗಂಟೆಯಿಂದಲೇ ಇಳಿಜಾರಿನಲ್ಲಿ ಜಾರುತ್ತದೆ. ಬಹಳ ಹೊತ್ತು ಜಾರುತ್ತಲೇ ಇರುತ್ತದೆ. ನಿನ್ನ ದೀಪದಲ್ಲಿರುವ ಲಿಥಿಯಂ-ಅಯಾನ್ ಬ್ಯಾಟರಿಯಾದರೋ ತುಂಬಿದಾಗ 4.2 ವೋಲ್ಟಿನಲ್ಲಿದ್ದು, ಹೆಚ್ಚಿನ ಕಾಲವೆಲ್ಲ 3.7ರ ಆಸುಪಾಸಿನಲ್ಲಿ ನಿಲ್ಲುವುದರಿಂದ, ನಿಯಂತ್ರಣವುಳ್ಳ ದೀಪ ಗಂಟೆಗಟ್ಟಲೆ ಒಂದೇ ಸಮನಾಗಿ ಬೆಳಗಿ, ಕೊನೆಯಲ್ಲಿ ಹಠಾತ್ತನೆ ಕುಸಿಯುತ್ತದೆ. ಸಮನಾದ ಬೆಳಕು ನಡೆಯುವವನಿಗೆ ಹಿತವಾದದ್ದೇ. ಆದರೆ ಅದು ಮುನ್ಸೂಚನೆಯನ್ನು ಕೊಡುವುದಿಲ್ಲ. ಜಾರುವ ದೀಪ ಬೇಸರ ತರಿಸಿದರೂ ಎಚ್ಚರಿಸುತ್ತದೆ. ಇವೆರಡರಲ್ಲಿ ನಿನ್ನದು ಯಾವ ಜಾತಿಯೆಂಬುದನ್ನು ಮನೆಯಲ್ಲಿಯೇ ತಿಳಿದುಕೊಂಡು ಹೊರಡದವನು ಬೆಟ್ಟದ ಮೇಲೆ ತಿಳಿದುಕೊಳ್ಳುತ್ತಾನೆ.

ಚಾರಣಿಗ: ತಿಳಿದುಕೊಳ್ಳುವ ಬಗೆ ಹೇಗೆ? ಒಂದು ರಾತ್ರಿ ಕೋಣೆಯಲ್ಲಿ ಹೊತ್ತಿಸಿಟ್ಟು ನೋಡುತ್ತ ಕುಳಿತುಕೊಂಡರೆ ಸಾಲದೆ?

ಮೇಷ್ಟ್ರು: ಕಣ್ಣಿನಿಂದ ಈ ಕೆಲಸ ಸರ್ವಥಾ ಆಗದು. ನಮ್ಮ ಕಣ್ಣು ಹುಣ್ಣಿಮೆಯ ಬೆಳದಿಂಗಳಿನಿಂದ ಹಿಡಿದು ನಡುಹಗಲಿನ ಬಿಸಿಲಿನವರೆಗೆ ಲಕ್ಷಾಂತರ ಪಾಲಿನ ವ್ಯತ್ಯಾಸವನ್ನು ತಾಳಿಕೊಳ್ಳುವಂತೆ ನಿರ್ಮಿತವಾದದ್ದು; ಈ ತಾಳಿಕೆಯ ಗುಣವೇ ಅಳತೆಗೆ ದೋಷವಾಗುತ್ತದೆ. ಬೆಳಕು ನಿಧಾನವಾಗಿ ಕಾಲುಭಾಗಕ್ಕೆ ಇಳಿದರೂ, ಪಾಪೆ ಹಿಗ್ಗಿ, ಅಕ್ಷಿಪಟಲ ಹೊಂದಿಕೊಂಡು, ಕುಳಿತು ನೋಡುವವನಿಗೆ ಅರ್ಧಕ್ಕಿಂತ ಹೆಚ್ಚಾಗಿಯೇ ಉಳಿದಿರುವಂತೆ ತೋರುತ್ತದೆ. ಮೊಬೈಲಿನ ಕ್ಯಾಮೆರಾದಿಂದ ಗಂಟೆಗೊಂದು ಚಿತ್ರ ತೆಗೆದರೂ ಅದು ತಾನಾಗಿಯೇ ಬೆಳಕನ್ನು ಸರಿದೂಗಿಸಿಕೊಂಡು ಎಲ್ಲ ಚಿತ್ರಗಳನ್ನೂ ಒಂದೇ ತೆರನಾಗಿ ಕೊಡುತ್ತದೆ. ಒಂದು ಲಕ್ಸ್ ಮೀಟರು ಬೇಕು. ಅದು ದುಬಾರಿಯಾದ ಉಪಕರಣವೇನಲ್ಲ. ಇಲ್ಲವಾದರೆ ಮೊಬೈಲಿನ ಮುಖದಲ್ಲಿರುವ ಬೆಳಕಿನ ಸಂವೇದಕವನ್ನು ಓದುವ ಆ್ಯಪು ಸಾಕು. ಅದು ಹೇಳುವ ಲಕ್ಸ್ ಸಂಖ್ಯೆಯನ್ನು ನಂಬಬೇಡ. ಎರಡು ಸಂಖ್ಯೆಗಳ ನಿಷ್ಪತ್ತಿಯನ್ನು ನಂಬಬಹುದು, ಅದನ್ನೂ ಒಮ್ಮೆ ಪರೀಕ್ಷಿಸಿಕೊಂಡ ಮೇಲೆ.

ಚಾರಣಿಗ: ಅಳೆಯುವ ಸಾಧನವನ್ನು ಅಳೆಯುವುದು ಯಾವುದರಿಂದ?

ಮೇಷ್ಟ್ರು: ನಿಸರ್ಗದ ಒಂದು ನಿಯಮದಿಂದ. ನಿನಗೆ ತರಗತಿಯಲ್ಲಿ ಹೇಳಿದ್ದೇ, ದೂರದ ವರ್ಗಕ್ಕೆ ವಿಲೋಮವಾಗಿ ಬೆಳಕು ಕ್ಷೀಣಿಸುವುದೆಂಬ ನಿಯಮ. ರಾತ್ರಿ ತಾರಸಿಯ ಮೇಲೆ, ಗೋಡೆಗಳ ಪ್ರತಿಫಲನವಿಲ್ಲದ ಕಡೆ, ದೀಪವನ್ನು ಒಂದು ಮೀಟರು ದೂರದಲ್ಲಿಟ್ಟು ಓದು; ಬಳಿಕ ಎರಡು ಮೀಟರು ದೂರಕ್ಕೆ ಒಯ್ದು ಓದು. ಎರಡನೆಯ ಸಂಖ್ಯೆ ಮೊದಲನೆಯದರ ಕಾಲುಭಾಗದ ಸಮೀಪದಲ್ಲಿದ್ದರೆ ನಿನ್ನ ಸಂವೇದಕ ನಿಷ್ಪತ್ತಿಗಳಿಗೆ ಯೋಗ್ಯವಾದದ್ದು. ಆ ಒಂದು ಮೀಟರಿನ ಲಕ್ಸ್ ಸಂಖ್ಯೆಯೇ, ಮೀಟರು ನಂಬಿಕೆಗೆ ಅರ್ಹವಾಗಿದ್ದಲ್ಲಿ, ದೀಪದ ಕಿರಣದ ತೀವ್ರತೆಯೂ ಆಗಿರುತ್ತದೆ. ಅದನ್ನು ಕ್ಯಾಂಡೆಲಾ ಎನ್ನುತ್ತಾರೆ. ಪೆಟ್ಟಿಗೆಯ ಮೇಲೆ ನೂರು ಮೀಟರು ದೂರ ಬೆಳಕು ಬೀರುವುದೆಂದು ಬರೆದಿದ್ದರೆ, ಆ ದೂರದಲ್ಲಿ ಕಾಲು ಲಕ್ಸ್ ಬೆಳಕು, ಎಂದರೆ ನಿರಭ್ರವಾದ ಹುಣ್ಣಿಮೆಯಷ್ಟು ಬೆಳಕು, ಬೀಳುವುದೆಂದು ಅರ್ಥ. ಅದಕ್ಕೆ 2,500 ಕ್ಯಾಂಡೆಲಾ ಬೇಕು. ಹುಣ್ಣಿಮೆಯ ಬೆಳಕಿನಲ್ಲಿ ಬಯಲನ್ನು ದಾಟಬಹುದು. ನೂರು ಮೀಟರಿನಾಚೆಯ ಬಂಡೆಯ ಬಿರುಕನ್ನು ಕಾಣಲಾಗದು. ಅರ್ಧ ದೂರದಲ್ಲಿ ಬೆಳಕು ನಾಲ್ಕು ಪಟ್ಟಾಗಿ ಒಂದು ಲಕ್ಸಿಗೆ ಏರುತ್ತದೆ. ಆದಕಾರಣ ಬರೆದ ದೂರದ ಅರ್ಧವನ್ನೇ ನಾನು ಉಪಯುಕ್ತ ದೂರವೆಂದು ಎಣಿಸುತ್ತೇನೆ. ಇನ್ನೊಂದು ಮಾತನ್ನೂ ಇದರಿಂದಲೇ ತಿಳಿಯಬಹುದು: ದೀಪದ ಬೆಳಕು ಕಾಲುಭಾಗಕ್ಕೆ ಇಳಿದಾಗ ದೂರ ಅರ್ಧಕ್ಕೆ ಮಾತ್ರ ಇಳಿಯುತ್ತದೆ. ಬೆಳಕನ್ನು ಮಿತವಾಗಿ ಬಳಸುವವನು ಕಳೆದುಕೊಳ್ಳುವುದು ಅವನು ಭಯಪಟ್ಟಷ್ಟಲ್ಲ.

ಚಾರಣಿಗ: ಅವಧಿಯನ್ನು ಅಳೆಯುವುದು?

ಮೇಷ್ಟ್ರು: ಬೆಳ್ಳಗೆ ಸುಣ್ಣ ಬಳಿದ ಚಾವಣಿಯುಳ್ಳ ಪುಟ್ಟ ಕೋಣೆಯೊಂದನ್ನು, ಸ್ನಾನದ ಮನೆಯಾದರೂ ಆಗಬಹುದು, ಕಿಟಕಿಯನ್ನು ಮುಚ್ಚಿ ಕತ್ತಲಾಗಿಸು. ದೀಪವನ್ನು ಚಾವಣಿಗೆ ಮುಖ ಮಾಡಿ ಸ್ಟೂಲಿನ ಮೇಲಿಡು. ಎರಡು ಮೊಳ ದೂರದಲ್ಲಿ ಮೀಟರನ್ನೂ ಮೇಲ್ಮೊಗವಾಗಿಟ್ಟು, ದೀಪದ ನೇರ ಬೆಳಕು ಅದರ ಮೇಲೆ ಬೀಳದಂತೆ ನಡುವೆ ಒಂದು ದಪ್ಪ ಪುಸ್ತಕವನ್ನು ನಿಲ್ಲಿಸು. ಪ್ರಯೋಗಾಲಯಗಳಲ್ಲಿ ಒಳಮೈಗೆ ಬಿಳಿಯ ಲೇಪವಿರುವ ಟೊಳ್ಳುಗೋಲದೊಳಗೆ ದೀಪವನ್ನು ಹೊತ್ತಿಸಿ ಒಟ್ಟು ಬೆಳಕನ್ನು ಅಳೆಯುತ್ತಾರೆ. ನಿನ್ನ ಬಿಳಿಯ ಚಾವಣಿ ಆ ಗೋಲದ ಕೆಲಸವನ್ನು ಸ್ಥೂಲವಾಗಿ ಮಾಡಿಕೊಡುತ್ತದೆ. ಮೂವತ್ತನೆಯ ಸೆಕೆಂಡಿನ ಸಂಖ್ಯೆಯನ್ನು ನೂರೆಂದು ಇಟ್ಟುಕೊಂಡು, ಮೊದಲ ಹತ್ತು ನಿಮಿಷ ನಿಮಿಷಕ್ಕೊಮ್ಮೆ ಬರೆದುಕೋ. ಏಕೆಂದರೆ ಮಹಾಪತನವೆಲ್ಲ ಆಗುವುದು ಆ ಹತ್ತು ನಿಮಿಷಗಳಲ್ಲಿಯೇ. ಅನಂತರ ಕಾಲುಗಂಟೆಗೊಮ್ಮೆ ಬರೆದರೆ ಸಾಕು. ನಿದ್ರೆಗೆಡುವುದು ಬೇಡವೆಂದಿದ್ದರೆ ಗಡಿಯಾರವನ್ನೂ ಮೀಟರನ್ನೂ ಜೊತೆಯಾಗಿಟ್ಟು ಇನ್ನೊಂದು ಮೊಬೈಲಿನಿಂದ ಚಿತ್ರೀಕರಿಸಬಹುದು. ಬಂದ ಸಂಖ್ಯೆಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿ ಕೂಡಿಸು. ದೀಪವನ್ನು ಕುರಿತು ಪೆಟ್ಟಿಗೆ ಹೇಳದೆ ಬಿಟ್ಟದ್ದೆಲ್ಲ ಆ ಒಂದು ಗೆರೆಯಲ್ಲಿದೆ.

ಚಾರಣಿಗ: ಮೊದಲ ಹತ್ತು ನಿಮಿಷಗಳಲ್ಲಿಯೇ ಅಷ್ಟು ದೊಡ್ಡ ಪತನವೇಕೆ? ಬ್ಯಾಟರಿ ಆಗ ತುಂಬಿಯೇ ಇರುತ್ತದಲ್ಲವೆ?

ಮೇಷ್ಟ್ರು: ಅಪರಾಧ ಬ್ಯಾಟರಿಯದಲ್ಲ, ಶಾಖದ್ದು. 400 ಲ್ಯೂಮೆನ್ನಿಗೆ ಮೂರು ವಾಟಿಗೂ ಮಿಕ್ಕ ವಿದ್ಯುತ್ತು ಬೇಕು. ಅದರ ಬಹುಭಾಗ ಶಾಖವಾಗಿಯೇ ಪರಿಣಮಿಸುತ್ತದೆ. ಮೂವತ್ತು ಗ್ರಾಮಿನ ಪ್ಲಾಸ್ಟಿಕ್ ಒಡಲು ಆ ಶಾಖವನ್ನು ಎಲ್ಲಿಗೆ ಚೆಲ್ಲೀತು? ದೀಪವನ್ನು ಹಗುರ ಮಾಡುವುದಕ್ಕಾಗಿ ಲೋಹವನ್ನು ಉಳಿಸಿದ ಪರಿಣಾಮ ಇದು. ಒಡಲು ಬಿಸಿಯೇರಿದಂತೆ ಎಲ್‌ಇಡಿಯ ಸಾಮರ್ಥ್ಯ ಕುಂದುತ್ತದೆ; ಅದು ಸುಟ್ಟುಹೋಗದಿರಲೆಂದು ಒಳಗಿನ ನಿಯಂತ್ರಕ ತಾನಾಗಿಯೇ ಬೆಳಕನ್ನು ಇಳಿಸುತ್ತದೆ. ಹಲವು ಪುಟ್ಟ ದೀಪಗಳಲ್ಲಿ ಅತ್ಯುಚ್ಚ ಮಟ್ಟವೆಂಬುದು ಕ್ಷಣಕಾಲದ ನೋಟಕ್ಕೆಂದು ಇರಿಸಿದ್ದು; ಎದುರಿನ ಕವಲುದಾರಿಯಲ್ಲಿ ಯಾವುದು ನಮ್ಮದೆಂದು ತಿಳಿಯುವುದಕ್ಕೆ, ದೂರದ ಬಿಡಾರವನ್ನು ಗುರುತಿಸುವುದಕ್ಕೆ. ಅದನ್ನೇ ಹೊತ್ತಿಸಿಕೊಂಡು ನಡೆಯಬಾರದು. ಇಲ್ಲಿಯೇ ಒಂದು ವಿಚಿತ್ರವನ್ನು ಗಮನಿಸು. ನಿಶ್ಚಲವಾದ ಕೋಣೆಯಲ್ಲಿ ದೀಪ ಬೇಗ ಕಾಯುತ್ತದೆ, ಬೇಗ ಇಳಿಯುತ್ತದೆ, ಆದ್ದರಿಂದ ಹೆಚ್ಚು ಹೊತ್ತು ಬಾಳುತ್ತದೆ. ಗಾಳಿ ಬೀಸುವ ಗಿರಿಶಿಖರದಲ್ಲಿ ಅದೇ ದೀಪ ತಣ್ಣಗಿದ್ದು, ಪೂರ್ಣಪ್ರಭೆಯಲ್ಲಿ ಬೆಳಗಿ, ಬೇಗ ತೀರಿಹೋಗುತ್ತದೆ. ಹೀಗಾಗಿ ಒಮ್ಮೆ ಕೋಣೆಯಲ್ಲಿ ಸುಮ್ಮನೆಯೂ, ಇನ್ನೊಮ್ಮೆ ಫ್ಯಾನಿನ ಕೆಳಗೂ ಪರೀಕ್ಷಿಸಬೇಕು. ಎರಡು ಗೆರೆಗಳ ನಡುವಣ ಅಂತರವೇ ಆ ದೀಪದ ಶಾಖದ ಚರಿತ್ರೆ.

ಚಾರಣಿಗ: ನಾನು ಹೋಗುವ ಕಡೆ ಗಾಳಿ ಮಾತ್ರವಲ್ಲ, ಹಿಮವೂ ಇರುತ್ತದೆ. ಡಿಸೆಂಬರಿನ ಬೆಳಗಿನ ಜಾವದಲ್ಲಿ ಅಲ್ಲಿ ನೀರು ಸೀಸೆಯಲ್ಲಿಯೇ ಹೆಪ್ಪುಗಟ್ಟುವುದೆಂದು ಹೋಗಿ ಬಂದವರು ಹೇಳುತ್ತಾರೆ.

ಮೇಷ್ಟ್ರು: ಹಾಗಿದ್ದರೆ ಬೆಂಗಳೂರಿನ ಪರೀಕ್ಷೆ ಅರ್ಧಪರೀಕ್ಷೆಯೇ ಸರಿ. ಬ್ಯಾಟರಿಯೊಳಗೆ ನಡೆಯುವುದು ರಾಸಾಯನಿಕ ಕ್ರಿಯೆ; ಶೀತ ಹೆಚ್ಚಿದಷ್ಟೂ ಅದು ಮಂದವಾಗುತ್ತದೆ, ಒಳಗಿನ ರೋಧ ಏರುತ್ತದೆ, ವೋಲ್ಟೇಜು ಕುಗ್ಗುತ್ತದೆ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಲಿಥಿಯಂ-ಅಯಾನಿನಿಂದ ದೊರೆಯುವ ಅವಧಿ ಕಾಲುಭಾಗಕ್ಕೂ ಮಿಕ್ಕಿ ಕಡಮೆಯಾಗಬಹುದು. ಆಲ್ಕಲೈನ್ ಸೆಲ್ಲುಗಳ ಪಾಡು ಅದಕ್ಕಿಂತಲೂ ಶೋಚನೀಯ; ಅವುಗಳೊಳಗಿನ ದ್ರವ ನೀರಿನದೇ ಆದ್ದರಿಂದ ಕಡುಶೀತದಲ್ಲಿ ಅವು ಬಹುಮಟ್ಟಿಗೆ ನಿಷ್ಕ್ರಿಯವಾಗುತ್ತವೆ. ಚಾರ್ಜು ಮಾಡಲಾಗದ ಲಿಥಿಯಂ ಸೆಲ್ಲುಗಳೆಂದು ಬೇರೊಂದು ಜಾತಿಯಿದೆ. ಅವುಗಳನ್ನು ಸೊನ್ನೆಗಿಂತ ನಾಲ್ವತ್ತು ಡಿಗ್ರಿ ಕೆಳಗಿನವರೆಗೂ ಕೆಲಸ ಮಾಡುವಂತೆ ರಚಿಸಿದ್ದಾರೆ. ಸಣ್ಣ ಗಾತ್ರದ ಆಲ್ಕಲೈನ್ ಸೆಲ್ಲು ಹನ್ನೊಂದು ಹನ್ನೆರಡು ಗ್ರಾಮು ತೂಗಿದರೆ ಇದು ಎಂಟು ಗ್ರಾಮಿಗೂ ಕಡಮೆ. ಬೆಲೆ ಹೆಚ್ಚು, ಹೊಸದರಲ್ಲಿ ವೋಲ್ಟೇಜೂ ತುಸು ಹೆಚ್ಚಾಗಿರುವುದರಿಂದ ದೀಪದ ಕೈಪಿಡಿ ಅನುಮತಿಸಿದೆಯೇ ಎಂದು ನೋಡಿಕೊಂಡು ಹಾಕತಕ್ಕದ್ದು.

ಚಾರಣಿಗ: ಶೀತದ ಪರೀಕ್ಷೆಯನ್ನು ಬೆಂಗಳೂರಿನಲ್ಲಿ ಮಾಡುವ ಬಗೆ?

ಮೇಷ್ಟ್ರು: ಮನೆಯ ಫ್ರೀಜರ್ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿರುತ್ತದೆ, ಕೇದಾರಕಂಠಕ್ಕೆ ಇದು ತಕ್ಕಷ್ಟು ಕಠಿಣವಾದ ಪರೀಕ್ಷೆಯೇ. ಪೂರ್ಣವಾಗಿ ಚಾರ್ಜು ಮಾಡಿದ ದೀಪವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದೊಳಗಿಟ್ಟು, ಎರಡು ಮೂರು ಗಂಟೆ ಒಳಗೆ ತಣಿಯಬಿಟ್ಟು, ನೀನು ನಡೆಯುವಾಗ ಬಳಸತಕ್ಕ ಮಟ್ಟದಲ್ಲಿ ಹೊತ್ತಿಸಿ, ಅರ್ಧ ಗಂಟೆಗೊಮ್ಮೆ ಬಾಗಿಲನ್ನು ತೆರೆದು ನೋಡು. ಆರಿದ ಹೊತ್ತನ್ನು ಬರೆದುಕೋ. ಹೊರಗೆ ತೆಗೆದ ಮೇಲೆ ಚೀಲವನ್ನು ಕೂಡಲೆ ಬಿಚ್ಚಬಾರದು; ಕೋಣೆಯ ತೇವವೆಲ್ಲ ತಣ್ಣನೆಯ ದೀಪದ ಮೇಲೆ ಹನಿಗಟ್ಟಿ ಒಳಕ್ಕಿಳಿಯುತ್ತದೆ. ಒಂದು ಮುಖ್ಯವಾದ ನಿಷೇಧವನ್ನೂ ಹೇಳಿಬಿಡುತ್ತೇನೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಬಳಸಬಹುದು, ಚಾರ್ಜು ಮಾಡಬಾರದು. ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಲೇಪಗೊಂಡು ಬ್ಯಾಟರಿ ಶಾಶ್ವತವಾಗಿ ಕೆಡುತ್ತದೆ. ಅದಕ್ಕಾಗಿ ರಾತ್ರಿ ಮಲಗುವಾಗ ದೀಪವನ್ನೂ ಪವರ್ ಬ್ಯಾಂಕನ್ನೂ ಸ್ಲೀಪಿಂಗ್ ಬ್ಯಾಗಿನೊಳಗೆ ಮೈಯ ಬಿಸಿಗೆ ಇಟ್ಟುಕೊಂಡು, ಬೆಚ್ಚಗಾದ ಮೇಲೆ ಚಾರ್ಜಿಗೆ ಹಾಕತಕ್ಕದ್ದು.

ಚಾರಣಿಗ: ಪವರ್ ಬ್ಯಾಂಕ್ ಹೇಗೂ ನನ್ನೊಡನೆ ಬರುತ್ತದೆ. ಅಂದಮೇಲೆ ಒಂದು ಅವಧಿಗೆ ಇಷ್ಟೊಂದು ತಪಸ್ಸೇಕೆ? ತೀರಿದಾಗ ತುಂಬಿಸಿಕೊಂಡರಾಯಿತು.

ಮೇಷ್ಟ್ರು: ಬೇಸಿಗೆಯ ಪಶ್ಚಿಮಘಟ್ಟದಲ್ಲಿ ನಿನ್ನ ವಾದ ಯಥಾರ್ಥವಾದದ್ದು. 10,000 ಮಿಲಿಆಂಪಿಯರ್-ಗಂಟೆಯ ಪವರ್ ಬ್ಯಾಂಕಿನಲ್ಲಿ 37 ವಾಟ್-ಗಂಟೆಗಳಿರುವಾಗ 2.4ರ ಈ ಪುಟ್ಟ ದೀಪವನ್ನು ಹಲವು ರಾತ್ರಿ ತುಂಬಿಸಬಹುದು. ಬಿಡಿ ಸೆಲ್ಲುಗಳ ಭಾರವೂ ಉಳಿಯಿತು, ಕಾಡಿನಲ್ಲಿ ಸತ್ತ ಸೆಲ್ಲನ್ನು ಎಸೆಯುವ ಪಾಪವೂ ತಪ್ಪಿತು. ಆದರೆ ಹಿಮದ ಏರಿನ ನಡುವೆ, ಕೈಗವಸು ತೊಟ್ಟ ಕೈಯಲ್ಲಿ, ತಂತಿಯನ್ನು ಸಿಕ್ಕಿಸಿ ಗಂಟೆ ಹೊತ್ತು ಕಾಯುವುದು ಸಾಧ್ಯವೆ? ಬಿಡಿ ಸೆಲ್ಲುಗಳ ದೀಪವಾದರೆ ಒಂದು ನಿಮಿಷದ ಕೆಲಸ. ತೂಕವೇ ಸರ್ವಸ್ವವಲ್ಲ, ಅವಧಿಯೂ ಸರ್ವಸ್ವವಲ್ಲ. ತೀರಿಹೋದ ಕ್ಷಣದಲ್ಲಿ ಮುಂದೇನೆಂಬುದೇ ನಿಜವಾದ ಪ್ರಶ್ನೆ. ಅಲ್ಲದೆ ಬ್ಯಾಟರಿಗೆ ಮುಪ್ಪೂ ಇದೆ. ಮುನ್ನೂರು ಐನೂರು ಸಲ ತುಂಬಿ ತೀರುವಷ್ಟರಲ್ಲಿ ಸಾಮಾನ್ಯವಾಗಿ ಐದನೆಯ ಒಂದು ಪಾಲು ಸಾಮರ್ಥ್ಯ ಹೋಗಿರುತ್ತದೆ. ಪೂರ್ತಿ ತುಂಬಿಸಿ ವರ್ಷಗಟ್ಟಲೆ ಬಿಸಿಯ ಕಪಾಟಿನಲ್ಲಿಟ್ಟರಂತೂ ಬಳಸದೆಯೇ ಸವೆಯುತ್ತದೆ. ಅರ್ಧ ತುಂಬಿಸಿ ಇಡುವುದು ಲೇಸು. ಹೋದ ವರ್ಷದ ಗ್ರಾಫ್ ಹಾಳೆಯನ್ನು ಈ ವರ್ಷ ನಂಬಿ ಹೊರಡಬಾರದು.

ಚಾರಣಿಗ: ಪ್ರಭೆಯ ವಿಷಯದಲ್ಲಿ ನನ್ನದೊಂದು ಅನುಭವವನ್ನು ಹೇಳಲೆ? ಕುಮಾರಪರ್ವತದಿಂದ ಇಳಿಯುವಾಗ ಹೊತ್ತು ಮೀರಿ, ಶೋಲೆಯ ಕಾಡಿನಂಚಿನಲ್ಲಿ ದಟ್ಟವಾದ ಮಂಜು ಕವಿದಿತ್ತು. ದೀಪವನ್ನು ಉಚ್ಚಮಟ್ಟಕ್ಕೆ ಏರಿಸಿದೆ. ಏರಿಸಿದಷ್ಟೂ ಎದುರಿಗೆ ಬಿಳಿಯ ಗೋಡೆಯೊಂದು ಎದ್ದು ನಿಂತು, ಕಾಲಬುಡದ ಬೇರೂ ಕಾಣದಾಯಿತು. ಹಿರಿಯ ಸಂಗಾತಿಯೊಬ್ಬರು ದೀಪವನ್ನು ಹಣೆಯಿಂದ ಬಿಚ್ಚಿ ಸೊಂಟದ ಮಟ್ಟಕ್ಕೆ ಹಿಡಿಯೆಂದರು. ಹಾಗೆ ಮಾಡಿದೊಡನೆ ನೆಲದ ಮೇಲಣ ಕಲ್ಲುಗಳ ನೆರಳುಗಳೆಲ್ಲ ಮೂಡಿ, ದಾರಿ ತನ್ನ ಏರುಪೇರುಗಳೊಡನೆ ಸ್ಪಷ್ಟವಾಯಿತು.

ಮೇಷ್ಟ್ರು: ಅದಕ್ಕಿಂತ ಉತ್ತಮವಾದ ಪಾಠವನ್ನು ನಾನು ತರಗತಿಯಲ್ಲಿ ಹೇಳಲಾರೆ. ಹಣೆಯ ದೀಪ ಕಣ್ಣಿನ ತೀರ ಸಮೀಪದಲ್ಲಿರುವುದರಿಂದ, ಮಂಜಿನ ಹನಿಗಳು ಚದುರಿಸಿದ ಬೆಳಕು ನೇರವಾಗಿ ಕಣ್ಣಿಗೇ ಹಿಂದಿರುಗುತ್ತದೆ. ಅದೇ ಸಾಮೀಪ್ಯದಿಂದ ವಸ್ತುಗಳ ನೆರಳು ವಸ್ತುಗಳ ಹಿಂದೆಯೇ ಅಡಗಿ, ತಗ್ಗು ದಿಣ್ಣೆಗಳು ಒಂದೇ ಸಮತಲದಂತೆ ತೋರುತ್ತವೆ. ದೀಪವನ್ನು ಕೆಳಗಿಳಿಸಿದರೆ ಎರಡು ದೋಷಗಳೂ ಪರಿಹಾರವಾಗುತ್ತವೆ. ಆದುದರಿಂದ ಪಟ್ಟಿಯಿಂದ ಸುಲಭವಾಗಿ ಬಿಚ್ಚಲಾಗುವ ದೀಪ ಮಲೆನಾಡಿನವರಿಗೆ ಹೆಚ್ಚು ಉಪಯುಕ್ತ. ಒಂದೇ ಕಡೆಗೆ ಕೇಂದ್ರೀಕೃತವಾದ ಕಿರಣಕ್ಕಿಂತ ಹರಡಿಕೊಂಡ ಬೆಳಕು ನಡಿಗೆಗೆ ಹಿತಕರವೆಂಬುದನ್ನೂ ನೆನಪಿಡು; ಕಾಲಿಗೆ ಹತ್ತುವ ಉಂಬಳವನ್ನು ನೋಡಿಕೊಳ್ಳುವುದಕ್ಕೆ ನೂರು ಮೀಟರಿನ ಕಿರಣದಿಂದ ಏನೂ ಪ್ರಯೋಜನವಿಲ್ಲ. ನನ್ನ ಎಣಿಕೆಯಲ್ಲಿ ತಿಳಿದ ಕಾಲುದಾರಿಗೆ ಮೂವತ್ತರಿಂದ ಐವತ್ತು ಲ್ಯೂಮೆನ್, ಬಿಡಾರದಲ್ಲಿ ಅನ್ನ ಮಾಡಿಕೊಳ್ಳುವುದಕ್ಕೆ ಐದರಿಂದ ಹತ್ತು, ದಾರಿ ಹುಡುಕುವುದಕ್ಕೆ ಕ್ಷಣಕಾಲ ನೂರೈವತ್ತು ಇನ್ನೂರು ಇದ್ದರೆ ಯಥೇಷ್ಟವಾಯಿತು.

ಚಾರಣಿಗ: ಕೆಂಪು ದೀಪವೂ ಇದರಲ್ಲಿದೆ. ಅದು ಅಲಂಕಾರಕ್ಕೋ?

ಮೇಷ್ಟ್ರು: ಅಲಂಕಾರವಲ್ಲ. ಕತ್ತಲೆಯಲ್ಲಿ ನೋಡುವ ಶಕ್ತಿ ಕಣ್ಣಿನೊಳಗಿನ ದಂಡಕೋಶಗಳದ್ದು. ಅವು ಪೂರ್ಣವಾಗಿ ಎಚ್ಚತ್ತುಕೊಳ್ಳುವುದಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷಗಳು ಬೇಕು. ಬಿಳಿಯ ದೀಪದ ಒಂದು ಹೊಡೆತ ಆ ಸಿದ್ಧಿಯನ್ನೆಲ್ಲ ಕ್ಷಣದಲ್ಲಿ ಕೆಡಿಸುತ್ತದೆ. ಆಳವಾದ ಕೆಂಪಿಗೆ ಆ ಕೋಶಗಳು ಬಹುಮಟ್ಟಿಗೆ ಕುರುಡಾಗಿರುವುದರಿಂದ, ಕೆಂಪು ಬೆಳಕಿನಲ್ಲಿ ನಕ್ಷೆಯನ್ನು ನೋಡಿದವನು ತಲೆಯೆತ್ತಿದಾಗ ನಕ್ಷತ್ರಗಳನ್ನೂ ಬೆಟ್ಟದ ಅಂಚನ್ನೂ ಕಾಣಬಲ್ಲ. ಡೇರೆಯಲ್ಲಿ ಮಲಗಿದವರ ಮುಖದ ಮೇಲೆ ಬಿಳಿಯ ಬೆಳಕನ್ನು ಬಿಡದಿರುವ ಸೌಜನ್ಯವೂ ಅದರಿಂದ ಸಾಧ್ಯ. ಇನ್ನು ಮಳೆಯ ವಿಷಯ: ಐಪಿಎಕ್ಸ್ 4 ಎಂದಿದ್ದರೆ ಎರಚುವ ನೀರನ್ನು ತಡೆಯುವುದು, 7 ಎಂದಿದ್ದರೆ ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ಬಾಳುವುದು. ಆಗುಂಬೆಯ ಕಡೆಗೆ ಹೋಗುವವನು ಎರಡನೆಯದನ್ನೇ ಆರಿಸಬೇಕು. ಗುಂಡಿಗೆ ಬೀಗವಿದೆಯೇ ಎಂಬುದನ್ನೂ ನೋಡು; ಬೆನ್ನಚೀಲದೊಳಗೆ ಒತ್ತಿಹೋಗಿ ತಾನಾಗಿಯೇ ಹೊತ್ತಿಕೊಂಡ ದೀಪಕ್ಕೆ ಯಾವ ಮಾನಕದ ಅವಧಿಯೂ ಅನ್ವಯಿಸುವುದಿಲ್ಲ.

ಚಾರಣಿಗ: ಕೊನೆಯದಾಗಿ ಕೇಳುತ್ತೇನೆ. ಈ ದೀಪದಲ್ಲಿ 400, 150, 40, 5 ಎಂದು ನಾಲ್ಕು ಮಟ್ಟಗಳಿವೆ. ಮೂರಕ್ಕೆ ಹೊರಟರೆ ಬೆಳಕು ಹರಿಯುವುದು ಏಳರ ಸುಮಾರಿಗೆ. ಯಾವ ಮಟ್ಟದಲ್ಲಿ ನಡೆಯಲಿ? ಇದೊಂದನ್ನೇ ನಂಬಿ ಹೋಗಬಹುದೆ?

ಮೇಷ್ಟ್ರು: ಲೆಕ್ಕ ಈಗ ನಿನ್ನ ಕೈಯಲ್ಲಿಯೇ ಇದೆ. 150ರಲ್ಲಿ ನಡೆದರೆ 290 ಲ್ಯೂಮೆನ್-ಗಂಟೆಗಳು ಎರಡು ಗಂಟೆಯೊಳಗೆ ಮುಗಿಯುತ್ತವೆ; ಏರಿನ ನಡುಮಧ್ಯದಲ್ಲಿ ಕತ್ತಲೆ. 40ರಲ್ಲಿ ನಡೆದರೆ ಬೆಂಗಳೂರಿನ ಹವೆಯಲ್ಲಿ ಏಳು ಗಂಟೆ. ಶೀತಕ್ಕೆ ಮೂರನೆಯ ಒಂದು ಪಾಲನ್ನು ಬಿಟ್ಟುಕೊಟ್ಟರೂ ನಾಲ್ಕೂವರೆ ಗಂಟೆಗೆ ಮೇಲೆಯೇ ಉಳಿಯುತ್ತದೆ. ಹಿಮ ತಾನೇ ಬೆಳಕನ್ನು ಪ್ರತಿಫಲಿಸುವುದರಿಂದ ಅಲ್ಲಿ ನಾಲ್ವತ್ತು ಯಥೇಷ್ಟ. ಆದರೆ ಉಳಿಯುವುದು ಅರ್ಧ ಗಂಟೆಯ ಅಂಚು ಮಾತ್ರ. ದಾರಿ ಹುಡುಕಲೆಂದು ನಾಲ್ಕೈದು ನಿಮಿಷ 400ಕ್ಕೆ ಏರಿಸಿದರೆ ಆ ಅಂಚು ಕರಗಿಹೋಗುತ್ತದೆ, ಜೊತೆಯವರಲ್ಲೊಬ್ಬರು ದಣಿದು ನಿಧಾನವಾದರೂ ಕರಗಿಹೋಗುತ್ತದೆ. ಆದಕಾರಣ ಹೊರಡುವ ಮುನ್ನ ಫ್ರೀಜರಿನಲ್ಲಿ ನಾಲ್ವತ್ತರ ಮಟ್ಟದ ಪರೀಕ್ಷೆಯನ್ನು ಮಾಡಿ, ಬಂದ ಗಂಟೆಯನ್ನು ಸಣ್ಣ ಚೀಟಿಯಲ್ಲಿ ಬರೆದು ದೀಪದ ಹಿಂಬದಿಗೆ ಅಂಟಿಸಿಕೋ. ಲಿಥಿಯಂ ಸೆಲ್ಲುಗಳ ಇನ್ನೊಂದು ಪುಟ್ಟ ದೀಪವನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೋ. ನಿನ್ನ ಸಂಗಡಿಗರಿಗೂ ಇದನ್ನೇ ಹೇಳು. ಹಾಗೆ ಎರಡಾಗಿ ಒಯ್ದರೆ ಈ ದೀಪ ಕೇದಾರಕಂಠಕ್ಕೆ ಸಾಕು, ಒಂಟಿಯಾಗಿ ಸಾಲದು.